ತೊಟ್ಟಿಯ ಮಣ್ಣಿನೆತ್ತು

ಮಳೆ ನನ್ನ ಮೇಲೆ ಹಗೆ ಸಾಧಿಸುತ್ತದೆ ಎಂದರೆ ಜನ ನಗುತ್ತಾರೆ. ಅಥಣಿ ತಾಲ್ಲೂಕಿನ ಒಣಭೂಮಿಯಲ್ಲಿ, ತೆಲಸಂಗದಂಥ ಊರಲ್ಲಿ ನಿಂತು ಮಳೆಯನ್ನು ಬೈದರೆ ನಗದೆ ಇನ್ನೇನು ಮಾಡಿಯಾರು? ಆದರೆ ನೀವೇ ಹೇಳಿ. ಜೂನ್ ತಿಂಗಳು ಪೂರ್ತಿ ನಾನು ಬಾಡಿಗೆ ಕೋಣೆಯ ಬಾಗಿಲಲ್ಲಿ ಮುಗಿಲು ನೋಡುತ್ತ ಕೂತೆ, ನೆಲ ನೆನೆಯುವಷ್ಟೂ ಬೀಳಲಿಲ್ಲ. ಅವ್ವನಿಗೆ ಜ್ವರ ಎಂದು ಒಂದು ದಿನದ ಮಟ್ಟಿಗೆ ನಿಪ್ಪಾಣಿ ಕಡೆಯ ನಮ್ಮೂರು ಅಕ್ಕೋಳಕ್ಕೆ ಹೋದೆ. ಅವತ್ತೇ ಸಂಜೆ ತೆಲಸಂಗದಲ್ಲಿ ಹೊಯ್ದುಬಿಟ್ಟಿತು.

ಫೋನು ಮಾಡಿದವನು ಮಲಕಾರಿ. ನನ್ನ ಪ್ರಯೋಗ ನಡೆಯುವುದು ಅವನ ಹೊಲದಲ್ಲಿ.

"ಮೇಡಮ್ಮಾರ, ಭಾರಿ ಮಳಿರಿ. ಹಳ್ಳ ತುಂಬಿ ಹರ್ಯಾಕತ್ತೈತಿ. ನಿಮ್ಮ ತೊಟ್ಟಿನೂ ತುಂಬ್ಯಾವು."

"ಮಲಕಾರಣ್ಣ, ನಾಳೆ ಮೊದಲ್ನೇ ಗಾಡಿಗೆ ಬರ್ತೇನ್ರಿ. ಅಲ್ಲೀತನಕ ತೊಟ್ಟಿ ಹತ್ತರ ದನ ಹೋಗದಂಗ ನೋಡ್ಕೋರಿ."

"ದನ ಏನ್ರಿ, ಇರುವಿನೂ ಬಿಡಂಗಿಲ್ಲ" ಎಂದ.

ನಾನು ದನ ಎಂದೆನೇ ಹೊರತು ಹೆಂಗಸರು ಎನ್ನಲಿಲ್ಲ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮವ್ವ ಜ್ವರದಲ್ಲೂ ಕುಂಬಾರರ ಮನೆಯಿಂದ ಒಂದು ಜೊತೆ ಮಣ್ಣಿನ ಎತ್ತು ತರಿಸಿ ಪೂಜೆಗೆಂದು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಆ ಎತ್ತಿಗೂ ನನ್ನ ತೊಟ್ಟಿಗೂ ಏನಾದರೂ ಸಂಬಂಧ ಇರಬಹುದು ಎಂದು ಹೊಳೆಯುವಷ್ಟು ಬುದ್ಧಿ ಮಾತ್ರ ಇರಲಿಲ್ಲ.

ನನ್ನ ಕೆಲಸ ಏನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಮಳೆ ಬಂದಾಗ ಇಳಿಜಾರಿನ ಹೊಲದಿಂದ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮಲಕಾರಿಯ ಗುಡ್ಡದ ಹೊಲದಲ್ಲಿ ಮೇಲಿನಿಂದ ಕೆಳಗಿನವರೆಗೆ ಮೂರು ಉದ್ದನೆಯ ಪಟ್ಟಿ ಮಾಡಿ, ಸುತ್ತ ತಗಡು ಹುಗಿದಿದ್ದೇವೆ. ಮೊದಲ ಪಟ್ಟಿಯನ್ನು ಊರವರು ಈಗ ಉಳುವ ಹಾಗೆಯೇ ಮೇಲಿಂದ ಕೆಳಕ್ಕೆ ಉತ್ತಿದೆ. ಎರಡನೆಯದನ್ನು ಇಳಿಜಾರಿಗೆ ಅಡ್ಡ ಉತ್ತಿದೆ. ಮೂರನೆಯದರಲ್ಲಿ ಹುಲ್ಲು. ಪ್ರತಿ ಪಟ್ಟಿಯ ಕೆಳತುದಿಗೆ ಒಂದೊಂದು ಸಿಮೆಂಟಿನ ತೊಟ್ಟಿ. ಪಟ್ಟಿಯಿಂದ ಹರಿದುಬಂದ ನೀರು ಮಣ್ಣಿನ ಸಮೇತ ಅದರಲ್ಲಿ ಬಂದು ನಿಲ್ಲುತ್ತದೆ. ಮಳೆ ನಿಂತ ಮೇಲೆ ನಾನು ಹೋಗಿ ನೀರಿನ ಎತ್ತರ ಅಳೆದು, ತಳದ ಮಣ್ಣೆಲ್ಲ ಮೇಲೇಳುವಂತೆ ಕೋಲಿನಿಂದ ಚೆನ್ನಾಗಿ ಕಲಕಿ, ಒಂದು ಬಾಟಲಿ ತುಂಬಿಕೊಂಡು ಸಂಸ್ಥೆಗೆ ಕಳಿಸಬೇಕು. ಅಲ್ಲಿ ಅದನ್ನು ಒಣಗಿಸಿ ತೂಗಿದರೆ ಹೊಲ ಎಷ್ಟು ಸವೆಯಿತು ಎಂದು ಗೊತ್ತಾಗುತ್ತದೆ. ಹೇಳುವುದಕ್ಕೆ ಇಷ್ಟೇ ಕೆಲಸ.

ಮಾಡುವುದಕ್ಕೆ ಹೋದರೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಮಳೆಯೇ ಬರಲಿಲ್ಲ. ಎರಡನೆಯ ವರ್ಷ ಮಳೆ ಬಂತು, ಆದರೆ ಅದರ ಹಿಂದಿನ ದಿನ ಯಾರದೋ ಎಮ್ಮೆ ತಗಡಿನ ಮೇಲೆ ಬಿದ್ದು ಪಟ್ಟಿ ಕಿತ್ತುಕೊಂಡು ಹೋಗಿತ್ತು. ಇದು ಮೂರನೆಯ ವರ್ಷ, ಕೊನೆಯ ವರ್ಷ. ಇದು ಬರೀ ನನ್ನ ಸಂಶೋಧನೆಯ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಳಿಜಾರಿನ ಹೊಲಗಳಿಗೆ ಅಡ್ಡಲಾಗಿ ಒಡ್ಡು ಹಾಕಿಸುವ ಯೋಜನೆಯೊಂದು ಬಂದಿತ್ತು. ಯಾವ ಗುಡ್ಡದ ಮಣ್ಣು ಜಾಸ್ತಿ ಹೋಗುತ್ತದೆಯೋ ಆ ಗುಡ್ಡಕ್ಕೆ ಮೊದಲು ಒಡ್ಡು. ಹೋಗುತ್ತದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಒಂದು ದೊಡ್ಡ ಮಳೆಯಲ್ಲಿ ಅಳೆದ ಅಂಕಿ ಬೇಕು. ಸಂಸ್ಥೆಯಲ್ಲಿ ನನ್ನ ಮೇಲಿನ ಅಧಿಕಾರಿ ಸಂಗ್ರಾಮ ಸರ್ ಮೊದಲೇ ಹೇಳಿದ್ದರು: "ಪ್ರಾಜಕ್ತಾ, ಒಂದು ಛಲೋ ಮಳಿ, ಒಂದು ಸ್ವಚ್ಛ ಮಾದರಿ. ಅಷ್ಟು ಕೊಡು, ತೆಲಸಂಗದ ಗುಡ್ಡ ಒಡ್ಡಿನ ಪಟ್ಟಿಯೊಳಗ ಬರ್ತೈತಿ. ಇಲ್ಲಂದ್ರ ಬರಂಗಿಲ್ಲ."

ಊರವರಿಗೆ ಈ ಒಡ್ಡಿನ ಚಿಂತೆಯೇ ಇರಲಿಲ್ಲ ಎನ್ನುವುದು ಬೇರೆ ಸಂಕಟ. ಪ್ರತಿ ಸಭೆಯಲ್ಲಿ ನಾನು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದೆ, ನಿಮ್ಮ ಹೊಲದ ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತಿದೆ, ಇನ್ನೊಂದು ತಲೆಮಾರಿಗೆ ಇಲ್ಲಿ ಗರಸು ಕಲ್ಲು ಬಿಟ್ಟರೆ ಏನೂ ಉಳಿಯುವುದಿಲ್ಲ ಎಂದು. ಮಲಕಾರಿ ತಲೆಯಾಡಿಸುತ್ತಿದ್ದ. ಅವನ ತಾಯಿ ಸಕ್ಕುಬಾಯಿ ಆಯಿ ತಲೆಯನ್ನೂ ಆಡಿಸುತ್ತಿರಲಿಲ್ಲ. "ಮಣ್ಣು ಎಲ್ಲಿ ಹೋಗ್ತೈತಿ ತಂಗಿ, ಇಲ್ಲೇ ಇರ್ತೈತಿ" ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಡ್ಡಿಗೆ ಜಾಗ ಹೋಗುತ್ತದೆ ಎನ್ನುವುದಷ್ಟೇ ಅವರ ಲೆಕ್ಕ. ಒಡ್ಡು ಯಾವಾಗ ಹಾಕುತ್ತೀರಿ ಎಂದು ಮೂರು ವರ್ಷಗಳಲ್ಲಿ ಆ ಊರಿನ ಒಂದು ನರಪಿಳ್ಳೆಯೂ ನನ್ನನ್ನು ಕೇಳಲಿಲ್ಲ.

ಅಮಾವಾಸ್ಯೆಯ ದಿನ ಅಕ್ಕೋಳದಿಂದ ನಿಪ್ಪಾಣಿ, ಅಲ್ಲಿಂದ ಚಿಕ್ಕೋಡಿ, ಅಥಣಿ ಎಂದು ಬಸ್ಸು ಬದಲಿಸುತ್ತ ತೆಲಸಂಗ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಚೀಲದಲ್ಲಿ ಬಾಟಲಿಗಳು ಖಣಖಣ ಎನ್ನುತ್ತಿದ್ದವು. ದಾರಿಯುದ್ದಕ್ಕೂ ಹೊಲದ ಅಂಚುಗಳು ಕೊಚ್ಚಿಹೋಗಿದ್ದವು, ಹಳ್ಳ ಚಹಾದ ಬಣ್ಣಕ್ಕೆ ತಿರುಗಿತ್ತು. ಆಗಬಾರದ್ದು ಅದು, ಆದರೂ ನೋಡಿ ನನಗೆ ಖುಷಿಯಾಯಿತು. ಕಡೆಗೂ ನನಗೆ ಬೇಕಾದಂಥ ಮಳೆ ಬಂದಿತ್ತು.

ಹೊಲಕ್ಕೆ ಹೋಗಿ ನೋಡಿದರೆ ಮೊದಲ ತೊಟ್ಟಿ ಹಬ್ಬದ ಅಡುಗೆ ಮುಗಿದ ಮೇಲೆ ತಿಕ್ಕಿಟ್ಟ ಪರಾತದ ಹಾಗೆ ಹೊಳೆಯುತ್ತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ನೀರನ್ನು ಬದುವಿನ ಲಿಂಬೆ ಗಿಡಕ್ಕೆ ಹಾಕಿದ್ದರು. ಮಣ್ಣಿನ ಒಂದು ಕಣವೂ ಇರಲಿಲ್ಲ. ಮಲಕಾರಿ ಪಕ್ಕದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ, ನಿನ್ನೆಯಿಂದ ಒಂದು ದನವನ್ನೂ ಹತ್ತಿರ ಬಿಟ್ಟಿರಲಿಲ್ಲ, ಮುಖದಲ್ಲಿ ಆ ಸಮಾಧಾನ ಕಾಣುತ್ತಿತ್ತು.

"ಬರ್ರಿ ಮೇಡಮ್ಮಾರ. ನೀವು ಬರೂದ್ರಾಗ ತೊಟ್ಟಿ ಎಲ್ಲಾ ತೊಳದು ಇಟ್ಟೇವಿ ನೋಡ್ರಿ."

"ಮಣ್ಣೆಲ್ಲೈತಿ?"

"ಯಾವ ಮಣ್ಣ್ರಿ?"

"ತೊಟ್ಯಾಗಿನ ಮಣ್ಣು, ಮಲಕಾರಣ್ಣ. ನಾ ಮೂರು ವರ್ಷ ಕಾಯ್ದ ಮಣ್ಣು."

"ಅದಾ?" ಎಂದು ಅವನು ನಕ್ಕ. "ಅದು ಎತ್ತು ಆತಲ್ರಿ."

ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಣ್ಣೆತ್ತು ಮಾಡುವುದಕ್ಕೆ ಹರಳು ಕಡ್ಡಿ ಇಲ್ಲದ ನುಣುಪು ಮಣ್ಣು ಬೇಕು. ಮೊದಲೆಲ್ಲ ಕೆರೆಯಂಗಳದಿಂದ ತರುತ್ತಿದ್ದರಂತೆ. ಈಗ ಆ ಕೆರೆಯನ್ನು ಇಟ್ಟಿಗೆ ಭಟ್ಟಿಯವರು ಕೆರೆದು ಕಲ್ಲು ತೇಲಿಸಿದ್ದಾರೆ. ನನ್ನ ತೊಟ್ಟಿಯ ತಳದಲ್ಲಿ ಕೂತಿದ್ದದ್ದು ಜರಡಿ ಹಿಡಿದರೂ ಸಿಗದಂಥ ನಯವಾದ ಮಣ್ಣು. ಬೆಳಗಾಗುತ್ತಲೇ ಓಣಿಯ ಹೆಂಗಸರೆಲ್ಲ ಬುಟ್ಟಿ ತಂದು, ಬಳಿದು, ಒರೆಸಿ ಒಯ್ದಿದ್ದರು.

"ನೀವ ಅಂದಿದ್ರೆಲ್ರಿ" ಎಂದ ಮಲಕಾರಿ, ನನ್ನ ಮುಖ ನೋಡಿ ಸ್ವಲ್ಪ ಅಳುಕಿ. "ಹ್ವಾದ ವರ್ಷ ಎಮ್ಮಿ ಕೆಡಿಸಿದ ಮ್ಯಾಲ ನೀವು ತೊಟ್ಯಾಗಿನ ಮಣ್ಣು ಚೆಲ್ಲಾಕತ್ತಿದ್ರಿ. ಅವ್ವ ಯಾಕ ಚೆಲ್ತೀ ಅಂತ ಕೇಳಿದ್ಲು. ಬಾಟ್ಲಿ ತುಂಬಿದ ಮ್ಯಾಲ ಉಳಿದದ್ದು ಯಾರಿಗೆ ಬೇಕೋ ಅವರು ಒಯ್ರಿ ಅಂದಿದ್ರಿ. ಸುಮ್ನ ಒಯ್ದಿಲ್ರಿ ಮತ್ತ. ನಿಮ್ಮ ಬಾಟ್ಲಿ ತುಂಬಿಸೇ ಒಯ್ದಾರ."

ಹಾಗೆಂದು ಕಂಬಳಿಯ ಕೆಳಗಿಂದ ಒಂದು ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟ. ತೊಟ್ಟಿಯ ತಳದ ಗಟ್ಟಿ ಕೆಸರನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಬಿರಡೆ ಹಾಕಿ, ಮೇಲೆ ಒದ್ದೆ ಬಟ್ಟೆ ಸುತ್ತಿದ್ದ. ನೀರು ಎಷ್ಟಿತ್ತು ಎಂದು ಅಳೆಯದೆ, ಕಲಕದೆ ತುಂಬಿದ ಆ ಬಾಟಲಿಯಿಂದ ನನಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಅದನ್ನು ಎತ್ತಿ ಒಗೆಯಬೇಕು ಎನ್ನಿಸಿತು. ಅವನು ಎಷ್ಟು ಜತನದಿಂದ ಬಟ್ಟೆ ಸುತ್ತಿದ್ದ ಎಂದರೆ ಒಗೆಯುವುದಕ್ಕೂ ಆಗಲಿಲ್ಲ. ಸಿಟ್ಟು ಬಂದಾಗ ಎದುರಿನವರು ಒಳ್ಳೆಯವರಾಗಿದ್ದರೆ ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿಲ್ಲ.

ಸಿಟ್ಟಿನಲ್ಲೂ ತಲೆ ಓಡಿತು. ಮಣ್ಣು ಎಲ್ಲಿಯೂ ಹೋಗಿಲ್ಲ, ಒಂದೇ ಓಣಿಯಲ್ಲಿ ಇದೆ. ಸಂಜೆಯವರೆಗೆ ಪೂಜೆ ಇಲ್ಲ. ಎಲ್ಲ ಮನೆಯ ಎತ್ತುಗಳನ್ನೂ ತೂಗಿ, ಮನೆಗೊಂದು ಚಿಟಿಕೆ ಹಸಿ ಮಣ್ಣು ತೆಗೆದುಕೊಂಡು ಅದರಲ್ಲಿ ನೀರೆಷ್ಟು ಎಂದು ನೋಡಿದರೆ, ಒಣ ಮಣ್ಣಿನ ತೂಕ ಸಿಕ್ಕಿಯೇ ಸಿಗುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ವಿಧಾನ, ಸರಿ. ಏನೂ ಇಲ್ಲದ್ದಕ್ಕಿಂತ ವಾಸಿ. ಕೋಣೆಗೆ ಹೋಗಿ ತಕ್ಕಡಿ ಹಿಡಿದುಕೊಂಡು ಓಣಿಗೆ ನುಗ್ಗಿದೆ.

ಮೊದಲ ಮನೆ ಮಂಗಲಳದು. ಅವಳು ಕಟ್ಟೆಯ ಮೇಲೆ ಕೂತು ಎತ್ತಿಗೆ ಗುಲಗಂಜಿಯ ಕಣ್ಣು ಒತ್ತುತ್ತಿದ್ದಳು. ಕೊಂಬಿನ ತುದಿಗೆ ಜೋಳದ ದಂಟಿನ ಚೂರು, ಮುಂದೆ ಮೇವಿನ ಪುಟ್ಟ ಗೋದಲಿ. ನಿಜ ಹೇಳಬೇಕೆಂದರೆ ಬಹಳ ಚಂದದ ಎತ್ತು. ನನ್ನ ತೊಟ್ಟಿಯ ಮಣ್ಣಾದ್ದರಿಂದ ಒಂದು ಬಿರುಕೂ ಬಿಟ್ಟಿರಲಿಲ್ಲ.

"ತೂಗ್ತೀರಿ?" ಎಂದು ಅವಳು ನಕ್ಕಳು. "ತೂಗ್ರಿ ಅಕ್ಕಾರ. ನನ್ನೆತ್ತು ಸ್ವಲ್ಪ ಬಡಕಲ ಆಗ್ಯಾವು, ಯಾರ ಮುಂದೂ ಹೇಳಬ್ಯಾಡ್ರಿ."

ತಕ್ಕಡಿಯ ತಟ್ಟೆಯಲ್ಲಿ ಒಂದು ಎತ್ತು ಇಟ್ಟಿದ್ದೆ ಅಷ್ಟೆ. ಎದುರು ಮನೆಯಿಂದ ಸಕ್ಕುಬಾಯಿ ಆಯಿಯ ದನಿ ಬಂತು.

"ಇಳಸು ಅದನ್ನ."

ಕೈಯೆಲ್ಲ ಮಣ್ಣು ಮಾಡಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ನಾನು ವಿವರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ಎತ್ತು ಕಾಟಾ ಮ್ಯಾಲ ಏರಿಸ್ತಾರೇನ ಯಾರರ? ಅದೂ ಹಬ್ಬದ ದಿನ?"

"ಆಯಿ, ಇದು ಮಣ್ಣು. ನನಗ ಮಣ್ಣಿನ ತೂಕ ಬೇಕು."

"ಕಣ್ಣು ಹಚ್ಚಿದ ಮ್ಯಾಲ ಮಣ್ಣ ಹೆಂಗಾತು?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಹ್ವಾದ ವರ್ಷ ನಮ್ಮ ಜೋಡಿ ಎತ್ತು ಮಾರಿದ್ವಿ. ತಗೊಂಡಾವ ಕಬ್ಬು ತೂಗೂ ಕಾಟಾದ ಮ್ಯಾಲ ನಿಲ್ಲಿಸಿ ತೂಗಿದ. ದೊಡ್ಡದು ನನ್ನ ಕಡೆ ತಿರುಗಿ ನೋಡಾಕತ್ತಿತ್ತು. ಕಾಟಾ ಏರಿದ ಎತ್ತು ತಿರುಗಿ ಹಟ್ಟಿಗೆ ಬರಂಗಿಲ್ಲ ತಂಗಿ. ಇವನ್ನರ ಬಿಡು."

ಅವಳ ಮಾತು ಮುಗಿಯುವುದರೊಳಗೆ ಮಂಗಲ ತನ್ನ ಎತ್ತನ್ನು ತಟ್ಟೆಯಿಂದ ತೆಗೆದು ಸೆರಗಿನ ಮರೆ ಮಾಡಿಕೊಂಡಳು. ಓಣಿಯಲ್ಲಿ ಒಂದೊಂದೇ ಕಟ್ಟೆ ಖಾಲಿಯಾಯಿತು. ಎತ್ತುಗಳೆಲ್ಲ ಒಳಗೆ ಹೋದವು. ನಾನು ಖಾಲಿ ತಕ್ಕಡಿ ಹಿಡಿದುಕೊಂಡು ನಡುಬೀದಿಯಲ್ಲಿ ನಿಂತೆ.

ಅವಳ ಸಂಕಟ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆ ಎತ್ತು ಹೋದ ಮೇಲೆಯೇ ಅವರ ಹೊಲಕ್ಕೆ ಕಾಕಾಸಾಹೇಬನ ಬಾಡಿಗೆ ಟ್ರ್ಯಾಕ್ಟರು ಬಂದದ್ದು. ಎತ್ತುಗಳು ಏರಿಗೆ ನೇಗಿಲು ಎಳೆಯಲಾರದೆ ಅಡ್ಡ ಉಳುತ್ತಿದ್ದವು. ಟ್ರ್ಯಾಕ್ಟರಿಗೆ ತಿರುಗಿಸುವ ತ್ರಾಸು ಬೇಡ ಎಂದು ಮೇಲಿಂದ ಕೆಳಕ್ಕೆ ಉದ್ದ ಸಾಲು ಹೊಡೆಯುತ್ತಾರೆ, ನೀರಿಗೆ ಅದೇ ಕಾಲುವೆ. ಇದನ್ನೇ ನಾನು ಸಭೆಯಲ್ಲಿ ಹೇಳಿ ಹೇಳಿ ಸತ್ತಿದ್ದೆ. ಅದೆಲ್ಲ ಒಟ್ಟಿಗೆ ನೆನಪಾಗಿ ನನ್ನ ಪಿತ್ತ ನೆತ್ತಿಗೇರಿತು. ಹಬ್ಬ, ಹಿರಿಯರು ಯಾವುದೂ ನೋಡದೆ ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಮಣ್ಣು ಎಲ್ಲಿ ಹೋಗ್ತೈತಿ ಅಂತಿದ್ದೆಲ್ಲಾ ಆಯಿ, ನೋಡು ಎಲ್ಲಿ ಹೋತು. ಒಂದ ಮಳ್ಯಾಗ ಇಷ್ಟಗಲ ಪಟ್ಟಿ ಮಣ್ಣು ಓಣಿ ಮಂದಿಗೆಲ್ಲಾ ಎತ್ತು ಆಗುವಷ್ಟು ಇಳದು ಬಂತು. ತೊಟ್ಟಿ ಇತ್ತಂತ ನಿಮಗ ಕಂಡತು. ಉಳಿದ ಹೊಲದ್ದು ಹಳ್ಳಕ್ಕ ಹೋತು, ಅದಕ್ಕ ಕಣ್ಣು ಹಚ್ಚಾವ್ರು ಯಾರೂ ಇಲ್ಲ. ನಿನ್ನ ಹೊಲದ ತಲಿಮ್ಯಾಗಿನ ಮಣ್ಣು ಬುಡಕ್ಕ ಬಂದು ಕುಂತೈತಿ. ಅದನ್ನ ತಿರುಗಿ ಮ್ಯಾಲ ಹೊತ್ತ ಒಯ್ದು ಹಾಕಾವ್ರು ಯಾರು, ನೀನೋ ನಾನೋ?"

ಆಯಿ ಕೈಯಲ್ಲಿದ್ದ ಮಣ್ಣನ್ನು ನೋಡಿಕೊಂಡು ಒಳಗೆ ಹೋದಳು. ಸಂಜೆ ಮಲಕಾರಿ ಹೋಳಿಗೆ ತಂದುಕೊಟ್ಟ. ಸಿಟ್ಟಿನಲ್ಲೂ ತಿಂದೆ, ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಸಂಗ್ರಾಮ ಸರ್‌ಗೆ ಫೋನು ಮಾಡಿ ನಡೆದದ್ದು ಹೇಳಿದೆ.

"ಎತ್ತು ಮಾಡ್ಯಾರ ಅಂತ ವರದಿಯೊಳಗ ಹೆಂಗ ಬರೀಲಿ ಪ್ರಾಜಕ್ತಾ?"

"ಗೊತ್ತಿಲ್ಲ ಸರ್."

"ಆ ಮಳಿ ಮುಂದ 'ಮಾಹಿತಿ ಇಲ್ಲ' ಅಂತ ಹಾಕು. ಒಡ್ಡಿನ ಪಟ್ಟಿ ಶುಕ್ರವಾರ ಹೋಗ್ತೈತಿ. ಅದರೊಳಗ ಇನ್ನೊಂದು ಮಳಿ ಬಂದ್ರ ನೋಡೂಣು."

ಊರಿನ ಹಳ್ಳ ಚಹಾ ಬಣ್ಣಕ್ಕೆ ತಿರುಗಿದ ಮಳೆಯ ಮುಂದೆ ನಾನು ಕೈಯಾರೆ 'ಮಾಹಿತಿ ಇಲ್ಲ' ಎಂದು ಬರೆದೆ.

ಆಮೇಲೆ ಎರಡು ದಿನ ಹೊಲದ ಕಡೆ ಹಾಯಲಿಲ್ಲ. ಯಾರ ಮುಖ ನೋಡುವ ಮನಸ್ಸೂ ಇರಲಿಲ್ಲ. ಕೋಣೆಯಲ್ಲಿ ಕೂತು ಹಳೆಯ ಅಂಕಿ ತಿದ್ದುತ್ತ, ಮುಗಿಲು ನೋಡುತ್ತ ಕಳೆದೆ. ಅವ್ವ ಫೋನು ಮಾಡಿ ಜ್ವರ ಇಳಿಯಿತು ಎಂದಳು. ಅಕ್ಕೋಳಕ್ಕೆ ಬಾ ಎಂದು ಕರೆದರೂ ಹೋಗಲಿಲ್ಲ. ನಾನು ಊರು ಬಿಟ್ಟರೆ ಮಳೆ ಬರುತ್ತದೆ, ಇದ್ದರೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಟ ಹಿಡಿದು ಕೂತೆ.

ಗುರುವಾರ ಮಧ್ಯಾಹ್ನ ಪಶ್ಚಿಮದ ಕಡೆ ಕಪ್ಪಾಯಿತು. ನಾನು ನಂಬಲಿಲ್ಲ. ಗಾಳಿ ಬಂತು, ಮಣ್ಣಿನ ವಾಸನೆ ಬಂತು, ಆಗಲೂ ನಂಬಲಿಲ್ಲ. ಹಂಚಿನ ಮೇಲೆ ಕಲ್ಲು ಎಸೆದ ಹಾಗೆ ಹನಿ ಬೀಳತೊಡಗಿದ ಮೇಲೆ ಎದ್ದು ಬಾಟಲಿ ಚೀಲ ಹೆಗಲಿಗೆ ಹಾಕಿಕೊಂಡೆ. ಮೊದಲಿನದಕ್ಕಿಂತ ಜೋರಾದ ಮಳೆ. ಅರ್ಧ ಊರು ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ನಾನು ಕೊಡೆಯೂ ಇಲ್ಲದೆ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಲ್ಲಿ ಜಾರುತ್ತ ಹೊಲಕ್ಕೆ ಓಡಿದೆ. ಈ ಸಲ ಇರುವೆಯನ್ನೂ ಬಿಡುವುದಿಲ್ಲ ಎಂದುಕೊಂಡೆ.

ತೊಟ್ಟಿಗಳು ಕಣ್ಣೆದುರಿಗೇ ತುಂಬಿದವು. ಮೇಲಿಂದ ಕೆಳಕ್ಕೆ ಉತ್ತ ಪಟ್ಟಿಯ ನೀರು ಗಟ್ಟಿ ಅಂಬಲಿಯಂತೆ ಬರುತ್ತಿತ್ತು. ಅಡ್ಡ ಉತ್ತದ್ದು ತಿಳಿ. ಹುಲ್ಲಿನದು ಇನ್ನೂ ತಿಳಿ. ಸಭೆಯಲ್ಲಿ ನಾನು ಬಡಬಡಿಸಿದ ಮಾತೆಲ್ಲ ಮೂರು ತೊಟ್ಟಿಯಲ್ಲಿ ಅಕ್ಕಪಕ್ಕ ನಿಂತಿತ್ತು. ನಾನು ನಗುತ್ತಿದ್ದೆ, ಅಳುತ್ತಿದ್ದೆನೋ ಏನೋ, ಮಳೆಯಲ್ಲಿ ಗೊತ್ತಾಗಲಿಲ್ಲ. ಮಳೆ ನಿಂತ ಕೂಡಲೇ ಎತ್ತರ ಅಳೆದೆ. ಕೋಲು ಇಳಿಸಿ ಮೊದಲ ತೊಟ್ಟಿಯನ್ನು ಕಲಕಿದೆ.

ಜೋಳದ ದಂಟಿನ ಚೂರುಗಳು ತೇಲಿ ಮೇಲೆ ಬಂದವು.

ಹೊಲದಲ್ಲಿ ಕಸ ಇರುವುದೇ, ಇರಲಿ ಎಂದುಕೊಂಡೆ. ಕೈ ಅದ್ದಿ ತಳದ ಮಣ್ಣು ಹಿಡಿದು ಎತ್ತಿದೆ. ಅಂಗೈಯ ಕೆಸರಿನಲ್ಲಿ ಕೆಂಪು ಕಾಳು. ಒಂದು ತುದಿಗೆ ಕಪ್ಪು ಚುಕ್ಕೆ. ಗುಲಗಂಜಿ. ಇನ್ನೊಂದು ಹಿಡಿ ಎತ್ತಿದೆ, ಅದರಲ್ಲೂ ಗುಲಗಂಜಿ.

ಪಟ್ಟಿಯ ಪಕ್ಕದಲ್ಲೇ ಮೇಲಕ್ಕೆ ನಡೆದೆ. ತುದಿಯಲ್ಲಿ, ಇಳಿಜಾರಿಗೆ ಅಡ್ಡಲಾಗಿ, ತಗಡಿನಿಂದ ತಗಡಿನವರೆಗೆ ಒಂದು ಸಾಲು ಉಬ್ಬು. ಕೊಂಬಿಲ್ಲ, ಬೆನ್ನಿಲ್ಲ, ಕರಗಿ ಜಾರಿದ ಮುದ್ದೆಗಳು. ಒಂದರ ಕೆಳಗೆ ಅರಿಶಿಣದ ಗುರುತು, ಇನ್ನೊಂದರ ಪಕ್ಕ ಗೋದಲಿಯ ಅಂಚು. ಅಲ್ಲಿಂದ ಪ್ರತಿ ಸಾಲಿನಲ್ಲೂ ನೀರು ಕೊರೆದ ದಾರಿ ನೇರ ತೊಟ್ಟಿಯ ತನಕ ಹೋಗಿತ್ತು.

ಕೆಳಗೆ ನೋಡಿದರೆ ಸಕ್ಕುಬಾಯಿ ಆಯಿ, ಹಿಂದೆ ಮಲಕಾರಿ ತೊಟ್ಟಿಯ ಹತ್ತಿರ ಬಂದು ನಿಂತಿದ್ದರು. ಇಳಿದು ಹೋದೆ.

"ಇದು ಯಾರ ಕೆಲಸ?" ಎಂದೆ.

"ನಂದ" ಎಂದಳು ಆಯಿ. "ನೀನ ಅಂದಿದ್ದೆಲ್ಲಾ, ತಿರುಗಿ ಮ್ಯಾಲ ಹೊತ್ತ ಒಯ್ದು ಹಾಕಾವ್ರು ಯಾರು ಅಂತ. ವರ್ಷಾ ಪೂಜಿ ಆದ ಮ್ಯಾಲ ಎತ್ತು ಬಾಂವಿಗೆ ಬಿಡ್ತಿದ್ವಿ. ಈ ಸಲ ಬಾಂವಿಗೆ ಬ್ಯಾಡ ಅಂದೆ. ಮಂಗಲ ಹೌದಂದ್ಲು, ಎಲ್ಲಾರೂ ಹೌದಂದ್ರು. ನಿನ್ನಿ ಮುಂಜಾನೆ ಎಲ್ಲಾ ಜೋಡಿನೂ ಮ್ಯಾಲ ಇಟ್ಟ ಬಂದ್ವಿ. ಎಲ್ಲಿಂದು ಅಲ್ಲೇ ಇರಲಿ ಅಂತ."

ನನಗೆ ಸಿಟ್ಟು ಯಾರ ಮೇಲೆ ಮಾಡಬೇಕು ಎಂದೇ ತಿಳಿಯಲಿಲ್ಲ. ಅಂಗೈ ಬಿಚ್ಚಿ ಗುಲಗಂಜಿ ತೋರಿಸಿದೆ. ಆಯಿ ಅದನ್ನು ನೋಡಿದಳು. ತೊಟ್ಟಿಯನ್ನು ನೋಡಿದಳು. ಆಮೇಲೆ ತಲೆ ಎತ್ತಿ ಪಟ್ಟಿಯ ತುದಿಯನ್ನು ನೋಡಿದಳು. ಬಹಳ ಹೊತ್ತು ಅಲ್ಲಿಗೂ ಇಲ್ಲಿಗೂ ನೋಡಿದಳು.

"ಮ್ಯಾಲ ಇಟ್ಟಿದ್ದೆ" ಎಂದಳು ಮೆಲ್ಲಗೆ. "ನಾನ, ನನ್ನ ಕೈಯ್ಯಾರೆ, ತುದೀಗೆ ಇಟ್ಟಿದ್ದೆ. ಒಂದ ಮಳಿಗೆ ಇಲ್ಲೀತನಕ ಬಂದ್ವು?"

"ಒಂದ ಮಳಿಗೆ ಆಯಿ. ಮೂರು ವರ್ಷದಿಂದ ನಾ ಇದನ್ನ ಹೇಳಾಕತ್ತೇನಿ."

"ನೀ ಅಂಕಿ ಹೇಳ್ತಿದ್ದಿ ತಂಗಿ. ನಾ ಏನ್ ತಿಳೀಲಿ."

ಮಲಕಾರಿ ಕೆಮ್ಮಿದ. "ಮೇಡಮ್ಮಾರ, ಆದದ್ದಾತು. ಮಣ್ಣಂತೂ ಬಂದೈತೆಲ್ರಿ ತೊಟ್ಟಿಗೆ. ಬರ್ದ ಬಿಡ್ರಿ. ಎತ್ತಿನ ಮಣ್ಣು ಯಾವುದು, ಹೊಲದ ಮಣ್ಣು ಯಾವುದು, ಅಲ್ಲಿ ಕುಂತಾವ್ರಿಗೆ ಏನ್ ಗೊತ್ತಾಗ್ತೈತಿ?"

ಬರೆಯಬಹುದಿತ್ತು. ಬರೆದಿದ್ದರೆ ಅಂಕಿ ಜಾಸ್ತಿಯೇ ಬರುತ್ತಿತ್ತು, ಗುಡ್ಡ ಒಡ್ಡಿನ ಪಟ್ಟಿಯ ತಲೆಯಲ್ಲೇ ಕೂರುತ್ತಿತ್ತು. ಒಂದು ಗಳಿಗೆ ಕೈ ಬಾಟಲಿಯ ಕಡೆ ಹೋಯಿತು ಕೂಡ. ಆದರೆ ತೊಟ್ಟಿಯಲ್ಲಿದ್ದದ್ದು ಎರಡು ಮಳೆಯ ಮಣ್ಣು ಕಲೆಸಿದ ರಾಡಿ. ಉಳಿದೆರಡು ತೊಟ್ಟಿ ಸ್ವಚ್ಛವೇ, ಆದರೆ ಊರಿನ ಉಳುಮೆಯ ಅಂಕಿ ಸಿಗುವುದು ಇದೊಂದರಲ್ಲೇ. ಅದನ್ನು ಒಂದು ಮಳೆಯದು ಎಂದು ಬರೆದರೆ ನಾಳೆಯಿಂದ ನನ್ನ ಯಾವ ಅಂಕಿಯನ್ನು ನಾನೇ ನಂಬಲಿ? ಸುಳ್ಳು ಬರೆಯುವುದಿದ್ದರೆ ಮೊದಲ ವರ್ಷವೇ ಬರೆದು ಅಕ್ಕೋಳದಲ್ಲಿ ಬೆಚ್ಚಗೆ ಕೂರಬಹುದಿತ್ತಲ್ಲ.

"ಎತ್ತಿನ ಮಣ್ಣು ಎಷ್ಟು ಅಂತ ಗೊತ್ತಿದ್ರ ಇದರಾಗಿಂದು ಕಳದು ಬರೀಬಹುದಿತ್ತು, ಮಲಕಾರಣ್ಣ" ಎಂದೆ. "ಅವತ್ತು ಓಣ್ಯಾಗ ತೂಗಾಕ ಬಿಟ್ಟಿದ್ರ."

ಆಯಿ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ತೋಳು ಮೇಲೇರಿಸಿ, ನೀರಲ್ಲಿ ಕೈ ಇಳಿಸಿ, ತಳದಿಂದ ಒಂದು ದೊಡ್ಡ ಮುದ್ದೆ ಎತ್ತಿ ನನ್ನ ಮುಂದೆ ಹಿಡಿದಳು.

"ಈಗ ತೂಗವಾ" ಎಂದಳು. "ಈಗ ಇದು ಎತ್ತಲ್ಲ. ಮಣ್ಣ ಐತಿ. ತೂಗು."

ಎರಡೂ ಕೂಡಿಹೋಗಿದೆ, ಇನ್ನು ಬೇರೆ ಮಾಡಲು ಬರುವುದಿಲ್ಲ ಎಂದು ಹೇಳಿದೆ. ಅವಳ ಬೆರಳ ಸಂದಿಯಿಂದ ನೀರು ಸೋರಿಹೋಯಿತು, ಮುದ್ದೆ ಉಳಿಯಿತು. ಅದರಲ್ಲಿ ಎರಡು ಗುಲಗಂಜಿ ಇದ್ದವು. ಬೆರಳಿನಿಂದ ಬಿಡಿಸಿ ಒರೆಸಿದಳು.

"ನನ್ನ ದೊಡ್ಡೆತ್ತಿನ್ವೋ, ಮಂಗಲಾನ ಎತ್ತಿನ್ವೋ" ಎಂದಳು.

ಆಮೇಲೆ ಮಗನ ಕಡೆ ತಿರುಗಿದಳು. "ಕಾಕಾಸಾಹೇಬಗ ಹೇಳು. ನಮ್ಮ ಹೊಲಕ್ಕ ಇನ್ನ ಅಡ್ಡ ಹೊಡೀಬೇಕು. ತಿರುಗಿಸಾಕ ತ್ರಾಸಾದ್ರ ಬರೂದ ಬ್ಯಾಡ." ಮಲಕಾರಿ ಹೂಂ ಎಂದ. ಆಯಿ ಇಳಿಜಾರನ್ನು ಇನ್ನೊಮ್ಮೆ ಪೂರ್ತಿ ನೋಡಿ, ನನ್ನನ್ನು ನೋಡಿದಳು. "ಅಡ್ಡ ಹೊಡದ್ರೂ ಇಂಥಾ ಮಳಿಗೆ ನಿಲ್ಲಂಗಿಲ್ಲ. ನೀ ಅಂತಿದ್ದೆಲ್ಲಾ ತಂಗಿ, ಒಡ್ಡು. ಅದನ್ನ ಯಾವಾಗ ಹಾಕ್ತಾರ?"

ಮೂರು ವರ್ಷ ಈ ಪ್ರಶ್ನೆಗಾಗಿ ಕಾಯ್ದಿದ್ದೆ. ಎಷ್ಟು ಸಭೆ ಮಾಡಿದ್ದೆ, ಎಷ್ಟು ಚಿತ್ರ ಅಂಟಿಸಿದ್ದೆ, ಎಷ್ಟು ಚಹಾ ಕುಡಿಸಿದ್ದೆ. ಯಾರಾದರೊಬ್ಬರು ಬಾಯಿಬಿಟ್ಟು ಕೇಳಲಿ, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇದೆ ಎಂದುಕೊಂಡಿದ್ದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಂಗ್ರಾಮ ಸರ್. ಕೆಸರುಗೈಯಲ್ಲೇ ಹಿಡಿದೆ.

"ಪ್ರಾಜಕ್ತಾ, ಆ ಕಡೆ ಭಾರಿ ಮಳಿ ಆತಂತಲ್ಲ. ನಾಳೆ ಒಡ್ಡಿನ ಪಟ್ಟಿ ಕಳಸ್ತೇನಿ. ಸ್ವಚ್ಛ ಮಾದರಿ ಸಿಕ್ತೋ ಇಲ್ಲೋ?"

ಆಯಿ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಅಂಗೈಯಲ್ಲಿ ಎರಡು ಕೆಂಪು ಕಾಳು ಹಾಗೆಯೇ ಇದ್ದವು.

"ಇಲ್ಲ ಸರ್" ಎಂದೆ.

ಒಡ್ಡು ಯಾವಾಗ ಎಂಬುದಕ್ಕೆ ಆಯಿಗೆ ಬೇರೆ ಉತ್ತರ ಹೇಳಬೇಕಾಗಿ ಬರಲಿಲ್ಲ.